ಹಳೆಯ ಹತ್ತರಿ, ಉಳಿ, ಗರಗಸ: ಎಸ್ಟೇಟ್ ಸೇಲ್, ಸಂತೆ, ಆನ್‌ಲೈನ್ – ಯಾವುದು ಎಲ್ಲಿ?

ಮ್ಯಾಸಚೂಸೆಟ್ಸ್‌ಗೆ ಬಂದ ಮೇಲೆ ಮರಗೆಲಸ ಕಲಿತವನು ನಾನು. ಕೈ ಹತ್ಯಾರುಗಳನ್ನು ಹಳೆಯವನ್ನೇ ಕೊಳ್ಳುತ್ತೇನೆ. ಮೂರೂ ಕಡೆ ಕೊಂಡು ನೋಡಿದ್ದೇನೆ. ಮರ ಹೆರೆಯುವ ಹತ್ತರಿ ಮತ್ತು ಉಳಿಗೆ ಎಸ್ಟೇಟ್ ಸೇಲ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಎಸ್ಟೇಟ್ ಸೇಲ್ ಅಂದರೆ, ಮನೆಯವರು ತೀರಿಕೊಂಡಾಗ, ಇಲ್ಲವೇ ಮನೆ ಖಾಲಿ ಮಾಡುವಾಗ, ಸಾಮಾನನ್ನೆಲ್ಲ ಆ ಮನೆಯೊಳಗೇ ಮಾರಿಬಿಡುತ್ತಾರೆ. ಹೆಚ್ಚಾಗಿ ವಾರಾಂತ್ಯದಲ್ಲಿ. ಬೇಗ ಹೋದರೆ ಎಷ್ಟೋ ಕಡೆ ನಂಬರ್ ಚೀಟಿ ಕೊಡುತ್ತಾರೆ. ಕೊನೆಯ ದಿನ ಅರ್ಧ ಬೆಲೆಗೆ ಇಳಿಸುವುದೂ ಉಂಟು, ಆದರೆ ಒಳ್ಳೆ ಹತ್ತರಿ ಅಲ್ಲಿಯವರೆಗೆ ಉಳಿಯುವುದಿಲ್ಲ. ನಾನಂತೂ ನೇರ ಬೇಸ್‌ಮೆಂಟ್‌ಗೆ ಇಳಿಯುತ್ತೇನೆ.

ಬೆಲೆ ಕಮ್ಮಿ ನಿಜ. ಅದಕ್ಕಿಂತ ದೊಡ್ಡ ಲಾಭ ಅಂದರೆ, ಹತ್ಯಾರು ಇದ್ದ ಜಾಗವೇ ಕಣ್ಣೆದುರು ಇರುತ್ತದೆ. ಗೋಡೆ ಒದ್ದೆಯೋ ಒಣಗಿದೆಯೋ, ಒಡೆಯ ಎಣ್ಣೆ ಹಚ್ಚಿಡುತ್ತಿದ್ದರೋ ಇಲ್ಲವೋ, ಎಲ್ಲ ತಿಳಿಯುತ್ತದೆ. ತುಕ್ಕನ್ನು ಯಾರೂ ಮುಟ್ಟಿರುವುದಿಲ್ಲ. ಮೇಲುಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಉಳಿಯ ಚಪ್ಪಟೆ ಬದಿಯಲ್ಲಿ, ಬಾಯಿಯ ಹತ್ತಿರ ಗುಳಿ ಬಿದ್ದಿದ್ದರೆ ಮಾತ್ರ ಬಿಟ್ಟುಬಿಡಿ. ಗುಳಿ ಹೋಗುವಷ್ಟು ಉಜ್ಜದೆ ಅಂಚು ಸರಿಯಾಗಿ ಬರುವುದಿಲ್ಲ.

ನಾನು ಹೆಚ್ಚು ಹುಡುಕುವುದು ಸ್ಟಾನ್ಲಿ ಕಂಪನಿಯ ನಂಬರ್ 5 ಹತ್ತರಿ. ಉದ್ದ 14 ಇಂಚು, ಅಲಗು 2 ಇಂಚು. ಮೊದಲು ಅಲಗು ಹೊರಬರುವ ಸಂದಿಯ ಮೂಲೆಗಳನ್ನು ನೋಡುತ್ತೇನೆ. ಅದು ಎರಕದ ಕಬ್ಬಿಣ, ಕೈಜಾರಿ ಬಿದ್ದರೆ ಬಿರುಕು ಬಿಡುತ್ತದೆ. ಆಮೇಲೆ ಅಲಗು ಬಿಚ್ಚಿ, ಇನ್ನೂ ಎಷ್ಟು ವರ್ಷ ಸಾಣೆ ಹಿಡಿಯುವಷ್ಟು ಉಕ್ಕು ಉಳಿದಿದೆ ಅಂತ ನೋಡುತ್ತೇನೆ. ಒಳಗೆ 1910ರ ಏಪ್ರಿಲ್ 19ರ ಪೇಟೆಂಟ್ ತಾರೀಖು ಕಂಡರೆ ಸಂತೋಷ. ಆ ಕಾಲದವು ಕೆಲಸಕ್ಕೆ ಬಹಳ ಗಟ್ಟಿ. ಹಿಡಿಯ ಮೇಲೆ ಹಳೆಯ ಒಡೆಯನ ಹೆಸರಿನ ಅಕ್ಷರ ಕೊರೆದಿದ್ದರೆ ನಾನು ಅದನ್ನು ಉಜ್ಜಿ ತೆಗೆಯುವುದಿಲ್ಲ. ಅದು ಅವರ ಹತ್ತರಿ ಕೂಡ, ಅಲ್ವಾ?

ಗರಗಸಕ್ಕೆ ಮಾತ್ರ ಇಲ್ಲಿನ ಬ್ರಿಮ್‌ಫೀಲ್ಡ್ ಊರಿನ ಹಳೆ ಸಾಮಾನಿನ ಸಂತೆ. ಮೇ, ಜುಲೈ, ಸೆಪ್ಟೆಂಬರ್, ಹೀಗೆ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಮನೆಯಲ್ಲಿ ಒಂದೋ ಎರಡೋ ಗರಗಸ ಮೊಳೆಗೆ ನೇತಾಡುತ್ತಿರುತ್ತವೆ, ಅವೂ ಬಾಗಿರಬಹುದು. ಸಂತೆಯಲ್ಲಾದರೆ ಫಿಲಡೆಲ್ಫಿಯಾದ ಡಿಸ್ಟನ್ ಕಂಪನಿಯ ಗರಗಸಗಳನ್ನು ಒಂದೊಂದಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು, ಹಲ್ಲಿನ ಸಾಲು ನೆಟ್ಟಗಿರುವುದನ್ನೇ ಆರಿಸಬಹುದು. ಚೌಕಾಸಿಯೂ ನಡೆಯುತ್ತದೆ. ತಳತಳ ಹೊಳೆಯುವುದಕ್ಕೆ ಮಾತ್ರ ಜಾಸ್ತಿ ಕೊಡಬೇಡಿ. ತಂತಿ ಬ್ರಷ್ ಹೊಡೆದರೆ ತುಕ್ಕಿನ ಜೊತೆಗೆ ಅಲಗಿನ ಮೇಲಿನ ಕಂಪನಿ ಗುರುತೂ ಮಾಸುತ್ತದೆ.

ಆನ್‌ಲೈನ್‌ನಲ್ಲಿ ಇಡೀ ಹತ್ತರಿ ಕೊಳ್ಳುವುದು ನನಗೆ ಹಿಡಿಸಲಿಲ್ಲ. ತೂಕ ಜಾಸ್ತಿ, ಸಾಗಣೆ ಖರ್ಚೇ ಲಾಭವನ್ನು ತಿನ್ನುತ್ತದೆ. ತಳ ತಿರುಚಿದ್ದರೆ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಬಿಡಿಭಾಗಕ್ಕೆ ಮಾತ್ರ ಅದೇ ದಾರಿ. ಸ್ಟಾನ್ಲಿ ಹಿಡಿಯ ತಿರುಪು 12 ನಂಬರಿನದು, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ತಿರುಪು ಅದಕ್ಕೆ ಕೂರುವುದಿಲ್ಲ. ಹಾಗಾಗಿ ಎಸ್ಟೇಟ್ ಸೇಲ್‌ನಲ್ಲಿ ತಿರುಪು ಕಳೆದುಹೋದ ಒಳ್ಳೆ ಹತ್ತರಿ ಕಂಡರೆ ಸುಮ್ನೆ ತೆಗೆದುಕೊಳ್ಳಿ, ತಿರುಪನ್ನು ಆಮೇಲೆ ಆನ್‌ಲೈನ್‌ನಲ್ಲಿ ತರಿಸಬಹುದು.