ಟಿವಿಯಿಂದ ಸೌಂಡ್‌ಬಾರ್‌ಗೆ: ಆಪ್ಟಿಕಲ್ಲೋ, ಎಚ್‌ಡಿಎಂಐಯೋ?

ಟಿವಿಯ ಧ್ವನಿಯನ್ನು ಸೌಂಡ್‌ಬಾರಿಗೆ, ಅಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರಿಗೆ, ಒಯ್ಯಲು ಮೂರು ದಾರಿಗಳಿವೆ: ಬೆಳಕಿನ ಕೇಬಲ್ ಆದ ಆಪ್ಟಿಕಲ್, ಎಚ್‌ಡಿಎಂಐ ಕೇಬಲ್ಲಿನಲ್ಲೇ ಧ್ವನಿ ಕಳಿಸುವ ಎಆರ್‌ಸಿ, ಅದರ ಸುಧಾರಿತ ರೂಪವಾದ ಇಎಆರ್‌ಸಿ. ಮೂರನ್ನೂ ಒಂದೇ ಟಿವಿಗೆ ಜೋಡಿಸಿ, ಒಂದೇ ಸಿನಿಮಾದ ಮಳೆಯ ದೃಶ್ಯವನ್ನು ಹಾಕಿ ಕೇಳಿದ್ದೇನೆ. ಸಿನಿಮಾಕ್ಕೆ ಎಚ್‌ಡಿಎಂಐಯೇ ಮೇಲು, ಅನುಮಾನವಿಲ್ಲ. ಆದರೆ ಆಪ್ಟಿಕಲ್ ಹಳತಾಯಿತೆಂದು ಮೂಲೆಗೆ ಎಸೆಯುವುದನ್ನು ನಾನು ಒಪ್ಪಲಾರೆ.

ಆಪ್ಟಿಕಲ್, ತೋಷಿಬಾ ಕಂಪನಿ 1983ರಲ್ಲಿ ತಂದ ಕೇಬಲ್. ಒಂದು ತುದಿಯನ್ನು ಟಿವಿಗೆ ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕಿನ ಚುಕ್ಕೆ ಕಾಣುತ್ತದೆ. ಧ್ವನಿ ಹೋಗುವುದು ಆ ಬೆಳಕಿನಲ್ಲೇ. ಕೇಬಲ್ಲಿನಲ್ಲಿ ತಾಮ್ರವಿಲ್ಲ, ಹಾಗಾಗಿ ಎರಡು ಉಪಕರಣಗಳ ನಡುವೆ ವಿದ್ಯುತ್ ಸಂಪರ್ಕವೂ ಇಲ್ಲ. ನಮ್ಮ ಮನೆಯ ಹಳೆಯ ಆಂಪ್ಲಿಫೈಯರ್‌ನಲ್ಲಿ ಟಿವಿ ಹಾಕಿದೊಡನೆ ಏಳುತ್ತಿದ್ದ ಗುಂಯ್ ಸದ್ದು, ಆರ್‌ಸಿಎ ಎಂಬ ತಾಮ್ರದ ಆಡಿಯೊ ತಂತಿ ಕಿತ್ತು ಆಪ್ಟಿಕಲ್ ಹಾಕಿದಾಗ ಪೂರ್ತಿ ನಿಂತಿತು. ಸ್ಟೀರಿಯೊ ಸಂಗೀತ ಕೇಳುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಯೇ ಇಲ್ಲ. ಕೇಬಲ್ಲನ್ನು ಗೋಡೆಯ ಮೂಲೆಯಲ್ಲಿ ಬಲವಾಗಿ ಮಡಚಬಾರದು, ಅಷ್ಟೇ.

ಇದರ ಮಿತಿ ಇರುವುದು ಹೊರುವ ಶಕ್ತಿಯಲ್ಲಿ. ಎರಡು ಚಾನೆಲ್‌ಗಳ ಪಿಸಿಎಂ (ಕುಗ್ಗಿಸದ ಡಿಜಿಟಲ್ ಧ್ವನಿ) ಅಥವಾ ಕುಗ್ಗಿಸಿದ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಡಾಲ್ಬಿ ಡಿಜಿಟಲ್, ಡಿಟಿಎಸ್ ಧ್ವನಿ, ಅಲ್ಲಿಗೆ ಮುಗಿಯಿತು. ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ಡಾಲ್ಬಿ ಅಟ್ಮಾಸ್ ಇದರಲ್ಲಿ ಹಾಯುವುದಿಲ್ಲ. ಮಳೆ ಸುತ್ತಲೂ ಸುರಿಯಿತು, ಮೇಲಿನಿಂದ ಬೀಳಲಿಲ್ಲ.

ಎಆರ್‌ಸಿ ಬಂದದ್ದು 2009ರಲ್ಲಿ, ಎಚ್‌ಡಿಎಂಐ 1.4ರ ಜೊತೆ. ಓಟಿಟಿ ಆ್ಯಪ್‌ಗಳು ಅಟ್ಮಾಸ್ ಕಳಿಸುವುದು ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ, ಅದನ್ನು ಎಆರ್‌ಸಿ ಹೊರಬಲ್ಲದು. ಈ ಸಲ ಮಳೆಹನಿ ಚಾವಣಿಯಿಂದ ಇಳಿದಂತೆ ಕೇಳಿಸಿತು. ಟಿವಿ ರಿಮೋಟಿನಿಂದಲೇ ಸೌಂಡ್‌ಬಾರಿನ ಸದ್ದು ಏರಿಳಿಯುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಈ ಒಂದು ಅನುಕೂಲವೇ ಸಾಕು. ಕೆಲವೊಮ್ಮೆ ಟಿವಿ ಹಾಕಿದರೂ ಸೌಂಡ್‌ಬಾರ್ ಏಳುವುದಿಲ್ಲ. ಆಗ ಎರಡರ ಪ್ಲಗ್ಗನ್ನೂ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಬೇಕು. ಆಪ್ಟಿಕಲ್‌ನಲ್ಲಿ ನನಗೆ ಈ ತಕರಾರು ಬರಲೇ ಇಲ್ಲ.

ಎಚ್‌ಡಿಎಂಐ 2.1ರ ಜೊತೆ 2017ರಲ್ಲಿ ಬಂದ ಇಎಆರ್‌ಸಿ, ಬ್ಲೂ-ರೇ ಡಿಸ್ಕಿನ, ಗುಣಮಟ್ಟ ಕಳೆಯದ ಟ್ರೂಎಚ್‌ಡಿ ಧ್ವನಿಯನ್ನೂ ಕುಗ್ಗಿಸದ 7.1 ಪಿಸಿಎಂ ಅನ್ನೂ ಸಾಗಿಸುತ್ತದೆ. ತುಟಿ ಮತ್ತು ಮಾತಿನ ಹೊಂದಾಣಿಕೆಯನ್ನು ತಾನೇ ನೋಡಿಕೊಳ್ಳುತ್ತದೆ. ಡಿಸ್ಕ್ ಹಾಕಿದಾಗ ಗುಡುಗಿನ ಆಳ ಸ್ಪಷ್ಟವಾಗಿ ಬೇರೆಯಾಗಿತ್ತು. ಓಟಿಟಿಯಲ್ಲಿ ಮಾತ್ರ ಎಆರ್‌ಸಿಗೂ ಇದಕ್ಕೂ ನನ್ನ ಕಿವಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಡಿಸ್ಕ್ ಪ್ಲೇಯರ್ ಇಲ್ಲದವರು ಇಎಆರ್‌ಸಿಗೆಂದೇ ಟಿವಿ ಬದಲಿಸಬೇಡಿ.

ಯಾವುದನ್ನೇ ಜೋಡಿಸಿದರೂ ಟಿವಿಯ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿದೆಯೇ ನೋಡಿ. ಹಾಗಿದ್ದರೆ ಅದನ್ನು ಆಟೋ ಅಥವಾ ಪಾಸ್ ಥ್ರೂಗೆ (ಬಂದ ಧ್ವನಿಯನ್ನು ಹಾಗೆಯೇ ಮುಂದೆ ಕಳಿಸುವ ಆಯ್ಕೆ) ಬದಲಿಸಿ; ಇಲ್ಲವಾದರೆ ಹಿಂಬದಿಯ ಸ್ಪೀಕರ್‌ಗಳಿಗೆ ಅವುಗಳ ಪಾಲಿನ ಧ್ವನಿ ತಲುಪದೇ ಹೋಗಬಹುದು.