ಆರ್‌ಟಿಎಲ್-ಎಸ್‌ಡಿಆರ್ ವಿ4 ಡಾಂಗಲ್: ಹವಾಮಾನ ಉಪಗ್ರಹಕ್ಕೆ ಸಾಕೇ?

ಕಂಪ್ಯೂಟರ್‌ನ ಯುಎಸ್‌ಬಿಗೆ ಚುಚ್ಚುವ ಈ ಪುಟ್ಟ ರೇಡಿಯೋ ರಿಸೀವರ್ ಧಾರಾಳವಾಗಿ ಸಾಕು. 2025ರಲ್ಲಿ ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ 15, 18, 19 ಮೌನವಾದ ಮೇಲೆ 137 ಮೆಗಾಹರ್ಟ್ಸ್‌ನಲ್ಲಿ ಚಿತ್ರಕ್ಕೆ ರಷ್ಯಾದ ಮೆಟಿಯೋರ್ ಎಂ2-3, ಎಂ2-4ಗಳನ್ನೇ ನಂಬಬೇಕು. ಆ ಬೇಸರ ಇದ್ದೇ ಇದೆ.

ಕಿಟ್‌ನ ಡೈಪೋಲ್ (ಎರಡು ಕಡ್ಡಿಗಳ ಆಂಟೆನಾ) ಚೆನ್ನಾಗಿದೆ: ಉದ್ದದ ಕಡ್ಡಿಗಳನ್ನು ತಲಾ 53 ಸೆಂ.ಮೀ.ಗೆ ಎಳೆದು, 120 ಡಿಗ್ರಿ 'ವಿ' ಮಾಡಿ, ನೆಲಕ್ಕೆ ಸಮಾನಾಂತರವಾಗಿ ಉತ್ತರ-ದಕ್ಷಿಣಕ್ಕೆ ತಾರಸಿಯಲ್ಲಿಡಿ. ಸಿಗ್ನಲನ್ನು ಚಿತ್ರವಾಗಿಸುವ ಸ್ಯಾಟ್‌ಡಂಪ್ ತಂತ್ರಾಂಶದಲ್ಲಿ 137.9 ಮೆಗಾಹರ್ಟ್ಸ್, ಮೆಟಿಯೋರ್ ಚಿತ್ರ ಕಳಿಸುವ ವಿಧಾನವಾದ ಎಲ್‌ಆರ್‌ಪಿಟಿ 72ಕೆ ಆರಿಸಿ. ಉಪಗ್ರಹ 30 ಡಿಗ್ರಿಗಿಂತ ಮೇಲೇರುವ ಹಾದಿಗಳನ್ನೇ ಹಿಡಿಯಿರಿ.

ಎಡವುವುದು ಡ್ರೈವರ್‌ನಲ್ಲಿ. ಒಳಗಿರುವ ಆರ್828ಡಿ ಟ್ಯೂನರ್ ಚಿಪ್‌ಗೆ ವಿ4ರದ್ದೇ ಡ್ರೈವರ್ ಬೇಕು. ಹಳೆಯದಿದ್ದರೆ ಸಿಗ್ನಲ್ಲೇ ಕಾಣದು, ಡಾಂಗಲ್ ಕೆಟ್ಟಿದೆಯೆಂದು ವಾಪಸ್ ಕಳಿಸಬೇಡಿ. ನಗರದಲ್ಲಿ ಎಫ್‌ಎಂ ಕೇಂದ್ರಗಳು ರಿಸೀವರನ್ನು ಮುಳುಗಿಸುತ್ತವೆ. ಗೇನ್ (ಸಿಗ್ನಲ್ ವರ್ಧನೆ) ಇಳಿಸಿ, ಆಗದಿದ್ದರೆ ಎಫ್‌ಎಂನ 88–108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ.