ಲೋಡ್ ಪಿಕಪ್‌ಗೆ ಯಾವ ಬ್ರೇಕ್ ಪ್ಯಾಡ್, ಎಂಥ ಡಿಸ್ಕ್?

ಬೊಲೆರೊ ಪಿಕಪ್‌ಗೆ ಮುಂದೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಪ್ಯಾಡ್‌ಗಳು ಅಮುಕಿ ಹಿಡಿಯುತ್ತವೆ), ಹಿಂದೆ ಡ್ರಮ್ ಬ್ರೇಕ್. ಮುಂದಿನ ಪ್ಯಾಡ್ ಸವೆದು 3 ಮಿ.ಮೀ. ದಪ್ಪ ಉಳಿದರೆ ಬದಲಿಸಲೇಬೇಕು. ಲೋಡ್ ಹೊತ್ತು ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವ ಗಾಡಿಯಾದರೆ ಸೆಮಿ-ಮೆಟಾಲಿಕ್ (ಲೋಹ ಬೆರೆತ) ಪ್ಯಾಡ್ ಹಾಕಿಸಿ. ಕಾದರೂ ಹಿಡಿತ ಉಳಿಯುತ್ತದೆ. ಆದರೆ ಕಪ್ಪು ಪುಡಿ ಹೆಚ್ಚು, ಕೀರಲು ಸದ್ದು ಬರಬಹುದು, ಡಿಸ್ಕ್ ಬೇಗ ಸವೆಯುತ್ತದೆ. ಸೆರಾಮಿಕ್‌ಗೆ ಸದ್ದು, ಪುಡಿ ಎರಡೂ ಕಡಿಮೆ, ಬೆಲೆ ಜಾಸ್ತಿ. ಊರೊಳಗಿನ ಹಗುರ ಲೋಡಿಗೆ ಸರಿ. ಅಗ್ಗದ ಆರ್ಗ್ಯಾನಿಕ್ (ನಾರು, ರಾಳ ಬೆರೆತ) ಪ್ಯಾಡ್ ಇಳಿಜಾರಿನಲ್ಲಿ ಕಾದು ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಾಲದು. ಘಾಟಿ ಗಾಡಿಗೆ ಅದು ಬೇಡವೇ ಬೇಡ.

ಡಿಸ್ಕ್ ಮೇಲೆ ಸಾಮಾನ್ಯವಾಗಿ ಕನಿಷ್ಠ ದಪ್ಪ ಅಚ್ಚೊತ್ತಿರುತ್ತದೆ. ಲೇತ್ ಯಂತ್ರದಲ್ಲಿ ತಿರುವಿ ಮೇಲ್ಮೈ ಸಮ ಮಾಡಿದ ಮೇಲೂ ಅದಕ್ಕಿಂತ ದಪ್ಪ ಉಳಿಯುವಂತಿದ್ದರೆ ಮಾತ್ರ ಹಳೆಯದನ್ನು ಉಳಿಸಿಕೊಳ್ಳಿ. ಇಲ್ಲವಾದರೆ ಎಡ, ಬಲ ಎರಡೂ ಚಕ್ರಕ್ಕೆ ಹೊಸದು ಹಾಕಿಸಿ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಲೋಡಿನ ಕಾವಿಗೆ ತೂತಿನ ಸುತ್ತ ಬಿರುಕು ಬಿಡುವ ಅಪಾಯವಿದೆ. ಸಾದಾ ಡಿಸ್ಕೇ ಸಾಕು. ಹಬ್‌ನ (ಡಿಸ್ಕ್ ಕೂರುವ ಚಕ್ರದ ನಡುಭಾಗ) ತುಕ್ಕು ಉಜ್ಜದೆ ಕೂರಿಸಿದರೆ ಹೊಸ ಡಿಸ್ಕೂ ಓಲಾಡಿ ಪೆಡಲ್ ಅದುರುತ್ತದೆ. ಫಿಟ್ಟಿಂಗ್ ಆದ ಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ನಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, 8-10 ಸಲ ವೇಗ ಇಳಿಸಿ ಪ್ಯಾಡ್ ಪಳಗಿಸಿಕೊಳ್ಳಿ.